ಬೈರಿಗೆಯ ಮೊನೆ

ಸೊರಬ ಎಂದೊಡನೆ ಗುಡಿಗಾರರ ಶ್ರೀಗಂಧದ ಕೆತ್ತನೆ ನೆನಪಾಗುತ್ತದೆ. ನೆರೆಯ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ ಕೇದಾರೇಶ್ವರ ದೇವಾಲಯದ ಶಿಲ್ಪಗಳು ಇಂದಿಗೂ ನೋಡುವವರ ಕಣ್ಮನಗಳನ್ನು ಸೆಳೆಯುತ್ತವೆ. ಮರವಾಗಲಿ ಕಲ್ಲಾಗಲಿ, ಕುಶಲಿಗೆ ಬೇಕಾದುದು ಉಳಿಗಳ ರಾಶಿಯಲ್ಲ. ಹರಿತವಾದ ಕೆಲವೇ ಉಳಿಗಳು. ಈ ಮಾತು ಕಬ್ಬಿಣದ ಕೆಲಸಕ್ಕೂ ಸಲ್ಲುತ್ತದೆ.

ಈ ಸೀಮೆಯ ರೈತನೊಬ್ಬನ ಮನೆಯಲ್ಲಿ ಕುಂಟೆಯ ಕಬ್ಬಿಣದ ಪಟ್ಟಿ ಮುರಿದಿತ್ತು. ಮುಂಗಾರು ಸಮೀಪಿಸಿತ್ತು. ಹೊಸ ಪಟ್ಟಿಗೆ ನಾಲ್ಕು ರಂಧ್ರಗಳನ್ನು ಕೊರೆಯಬೇಕಾಗಿತ್ತು. ಮಗನು ಪೇಟೆಗೆ ಹೋಗಿ, ಅಗ್ಗದ ಬೆಲೆಗೆ ಸಿಕ್ಕಿತೆಂದು ಬಂಗಾರದ ಬಣ್ಣದ ಹತ್ತಾರು ಡ್ರಿಲ್ ಬಿಟ್‌ಗಳ ಪೆಟ್ಟಿಗೆಯನ್ನು ತಂದನು. ಮೊದಲನೆಯ ಬಿಟ್ಟು ನೀಲಿಗಟ್ಟಿ ಮೊಂಡಾಯಿತು, ಎರಡನೆಯದು ಮುರಿಯಿತು. ಆಕಾಶದಲ್ಲಿ ಮೋಡ ಕವಿಯುತ್ತಿತ್ತು. ಹದ ತಪ್ಪಿದರೆ ಬಿತ್ತನೆಯೂ ತಪ್ಪುತ್ತದೆ. ಹುಡುಗನು ಪಕ್ಕದ ಬೀದಿಯ ಮುದುಕ ಕಮ್ಮಾರನ ಬಳಿಗೆ ಓಡಿದನು.

"ಅಜ್ಜಾ, ಇವು ಹೊನ್ನಿನಂತೆ ಹೊಳೆಯುತ್ತಿದ್ದವಲ್ಲ?"

"ಹೊಳಪು ಮೈಮೇಲಿನದು ತಮ್ಮಾ, ಕೊರೆಯುವುದು ಒಳಗಿನ ಉಕ್ಕು."

ಮುದುಕನ ಮಾತಿನಲ್ಲಿ ವಿಜ್ಞಾನವೇ ಅಡಗಿತ್ತು. ಕೊರೆಯುವಾಗ ಘರ್ಷಣೆಯಿಂದ ಮೊನೆ ಕಾಯುತ್ತದೆ. ಸಾಮಾನ್ಯ ಇಂಗಾಲದ ಉಕ್ಕು ಸುಮಾರು 250 ಡಿಗ್ರಿ ಸೆಲ್ಸಿಯಸ್ ದಾಟಿದರೆ ಮೆತ್ತಗಾಗತೊಡಗುತ್ತದೆ. ಟಂಗ್‌ಸ್ಟನ್, ಮಾಲಿಬ್ಡಿನಂ, ಕ್ರೋಮಿಯಂ ಮುಂತಾದವು ಬೆರೆತ 'ಹೈಸ್ಪೀಡ್ ಸ್ಟೀಲ್' ಸುಮಾರು 600 ಡಿಗ್ರಿಯವರೆಗೂ ಗಡಸುತನವನ್ನು ಉಳಿಸಿಕೊಳ್ಳುತ್ತದೆ. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಜಗತ್ತು ಇದರ ಶಕ್ತಿಯನ್ನು ಕಂಡಿತು. ಮನೆಯ ಸಾಮಾನ್ಯ ಕೆಲಸಕ್ಕೆ 'ಎಚ್.ಎಸ್.ಎಸ್.' ಎಂಬ ಗುರುತುಳ್ಳ ನಂಬಿಕೆಯ ಬಿಟ್ಟು ಸಾಕು. ಇನ್ನೂ ಬೆಲೆಬಾಳುವ ಕೋಬಾಲ್ಟ್ ಬಿಟ್ಟು ಸ್ಟೇನ್‌ಲೆಸ್ ಸ್ಟೀಲಿನಂತಹ ಕಠಿಣ ಲೋಹಕ್ಕೆ ಬೇಕಾಗುತ್ತದೆ. ಗೋಡೆ ಕೊರೆಯುವ ಬಿಟ್ಟು ಕಬ್ಬಿಣಕ್ಕೆ ಹೊಂದುವುದಿಲ್ಲ.

ಕಮ್ಮಾರನು 4 ಮತ್ತು 10 ಮಿಲಿಮೀಟರಿನ ಎರಡೇ ಬಿಟ್‌ಗಳನ್ನು ಹುಡುಗನ ಕೈಗಿತ್ತನು. ಪಟ್ಟಿಯನ್ನು ಅಲುಗದಂತೆ ಬಿಗಿಸಿ, ಪಂಚಿನಿಂದ ಚುಕ್ಕಿ ಹೊಡೆಸಿದನು. ಮೊದಲು ಸಣ್ಣ ರಂಧ್ರ, ಅನಂತರ ದೊಡ್ಡದು. ಬಿಟ್ಟು ದಪ್ಪವಾದಷ್ಟೂ ವೇಗ ಕಡಿಮೆಯಾಗಬೇಕು, ನಡುನಡುವೆ ಎಣ್ಣೆ ಬಿಡಬೇಕು, ಕಣ್ಣಿಗೆ ಕನ್ನಡಕವಿರಬೇಕು. ಆತನು ಹೇಳಿದಂತೆ ನಡೆದಾಗ ಲೋಹವು ಸುರುಳಿಸುರುಳಿಯಾಗಿ ಎದ್ದುಬಂದಿತು. ಕೆಲಸ ಮುಗಿದ ಮೇಲೆ ಮೊನೆಯನ್ನು ಸಾಣೆ ಹಿಡಿಯುವ ಬಗೆಯನ್ನೂ ಮುದುಕನು ತೋರಿಸಿಕೊಟ್ಟನು. ಮೊನೆಯ ಎರಡು ಅಂಚುಗಳೂ ಸಮನಾಗಿರಬೇಕು. ಒಂದು ಉದ್ದ, ಒಂದು ಗಿಡ್ಡವಾದರೆ ರಂಧ್ರವು ಅಳತೆ ಮೀರುತ್ತದೆ.

ಹತ್ತು ಬಾರಿ ಸಾಣೆ ಕಂಡು ಮತ್ತೆ ದುಡಿಯುವ ಬಿಟ್ಟು, ಒಂದೇ ದಿನಕ್ಕೆ ಸಾಯುವ ಹತ್ತು ಬಿಟ್‌ಗಳಿಗಿಂತ ಅಗ್ಗ. ಬೆಲೆಯನ್ನು ಅಂಗಡಿಯಲ್ಲಿ ಕೇಳಿ ತಿಳಿಯಬಹುದು. ಬಾಳಿಕೆಯನ್ನು ಕೆಲಸವೇ ತಿಳಿಸಬೇಕು.

ಸಂಜೆಗೆ ನಾಲ್ಕು ಬೋಲ್ಟುಗಳೂ ಬಿಗಿಯಾದವು. ಆ ರಾತ್ರಿ ಮಳೆ ಬಂದಿತು. ಬೆಳಗಾದಾಗ ಕುಂಟೆ ಹೊಲದಲ್ಲಿತ್ತು.