ಪೊರೆ ಬಿಡುವ ಹೊತ್ತು

ಹಾವು ಪೊರೆಯನ್ನು ಕಳಚುವಂತೆ ಜ್ಞಾನಿಯು ದೇಹಾಭಿಮಾನವನ್ನು ಕಳಚುತ್ತಾನೆಂಬ ಹೋಲಿಕೆ ನಮ್ಮ ಅಧ್ಯಾತ್ಮ ವಾಙ್ಮಯದಲ್ಲಿ ಬಹು ಪ್ರಾಚೀನವಾದುದು. ಬೃಹದಾರಣ್ಯಕೋಪನಿಷತ್ತು ಹುತ್ತದ ಮೇಲೆ ಬಿದ್ದ ಪೊರೆಯನ್ನು ಜ್ಞಾನಿಯ ಶರೀರಕ್ಕೆ ಉಪಮಾನವಾಗಿ ಹೇಳಿದೆ. ಮಠದ ಪಾಠಶಾಲೆಯಲ್ಲಿ ಅಮರಕೋಶವನ್ನು ಬಾಯಿಪಾಠ ಮಾಡಿದಂದಿನಿಂದ ಕಂಚುಕ, ನಿರ್ಮೋಕ ಎಂಬ ಅದರ ಹೆಸರುಗಳು ನನಗೆ ಪರಿಚಿತ. ಪ್ರವಚನಗಳಲ್ಲಿ ಈ ದೃಷ್ಟಾಂತವನ್ನು ಎಷ್ಟು ಸಲ ವಿವರಿಸಿದ್ದೇನೋ ಲೆಕ್ಕವಿಲ್ಲ. ಆದರೆ ಜೀವಂತ ಹಾವೊಂದು ಪೊರೆ ಬಿಡಲಾರದೆ ತೊಳಲುವುದನ್ನು ಹತ್ತಿರದಿಂದ ಕಂಡದ್ದು ಅರುವತ್ತು ದಾಟಿದ ಮೇಲೆ, ಅಮೆರಿಕದ ಮಿಷಿಗನ್ ರಾಜ್ಯದಲ್ಲಿರುವ ಮಗಳ ಮನೆಯಲ್ಲಿ.

ಅಲ್ಲಿ ಹದಿನಾಲ್ಕು ವರುಷದ ಮೊಮ್ಮಗನು ಕಾರ್ನ್ ಸ್ನೇಕ್ ಎಂಬ ವಿಷರಹಿತ ಹಾವನ್ನು ಸಾಕಿದ್ದಾನೆ. ಇದು ಆ ದೇಶದ ಆಗ್ನೇಯ ಭಾಗದ ಜೀವಿ. ಕಿತ್ತಳೆ ಬಣ್ಣದ ಮೈಮೇಲೆ ಕೆಂಪು ಮಚ್ಚೆಗಳು. ಬೆಳೆದರೆ ಮೂರರಿಂದ ಐದು ಅಡಿ ಉದ್ದ. ಲಿಂಗಪೂಜೆ ನಡೆಯುವ ಮನೆಯಲ್ಲಿ ಇಲಿ ತಿನ್ನುವ ಪ್ರಾಣಿಯೇ ಎಂದು ಕೆಲವು ಬಂಧುಗಳು ಹುಬ್ಬೇರಿಸಿದ್ದುಂಟು. ಹಾವಿನ ಆಹಾರ ಹಾವಿನ ಸ್ವಭಾವಕ್ಕೆ ಸೇರಿದ್ದು. ಅದನ್ನು ನಮ್ಮ ಆಚಾರದ ಅಳತೆಗೋಲಿನಿಂದ ಅಳೆಯುವುದು ಯುಕ್ತವಲ್ಲವೆಂಬುದು ನನ್ನ ಅಭಿಪ್ರಾಯ. ಮನೆಗೆ ತಂದ ಜೀವಿಯನ್ನು ಸರಿಯಾಗಿ ನೋಡಿಕೊಳ್ಳುತ್ತೇವೆಯೋ ಇಲ್ಲವೋ, ಪ್ರಶ್ನೆ ಅಷ್ಟೇ.

ಅದು ಜನವರಿ ತಿಂಗಳು. ಹೊರಗೆ ಹಿಮ, ಒಳಗೆ ಹಗಲಿರುಳು ಬಿಸಿಗಾಳಿಯ ಯಂತ್ರ. ಈ ಬಿಸಿಗಾಳಿ ಮನೆಯ ತೇವವನ್ನೆಲ್ಲ ಹೀರಿಬಿಡುತ್ತದೆ. ನನ್ನ ಹಿಮ್ಮಡಿಯೇ ಒಡೆದು ಬಿರುಕುಬಿಟ್ಟಿತ್ತು. ಈ ಜಾತಿಯ ಹಾವಿಗೆ ಗಾಳಿಯಲ್ಲಿ ಶೇಕಡಾ 40ರಿಂದ 60ರಷ್ಟು ಆರ್ದ್ರತೆ ಬೇಕು. ಪೆಟ್ಟಿಗೆಯೊಳಗಿನ ಮಾಪಕ 25ನ್ನು ತೋರಿಸುತ್ತಿತ್ತು. ಅಷ್ಟರಲ್ಲಿ ಹಾವಿನ ಬಣ್ಣ ಮಂಕಾಗಿ, ಕಣ್ಣುಗಳಿಗೆ ನೀಲಿ ಬೆರೆತ ಹಾಲಿನಂಥ ಮುಸುಕು ಬಂದಿತು. ಕಣ್ಣಿನ ರೋಗವೆಂದು ನೋಡಿದವರು ಗಾಬರಿಯಾಗಬಹುದು, ಇದು ರೋಗವಲ್ಲ. ಹಳೆಯ ಚರ್ಮಕ್ಕೂ ಹೊಸದಕ್ಕೂ ನಡುವೆ ದ್ರವ ತುಂಬುವುದರಿಂದ ಹೀಗಾಗುತ್ತದೆ. ಕೆಲವು ದಿನಗಳಲ್ಲಿ ಕಣ್ಣು ಮತ್ತೆ ತಿಳಿಯಾಗುತ್ತದೆ. ಅದಾದ ಮೇಲೆ ಪೊರೆ ಬೀಳುತ್ತದೆ. ಈ ಅವಧಿಯಲ್ಲಿ ಹಾವಿಗೆ ದೃಷ್ಟಿ ಮಂದ, ಹಸಿವು ಕಡಿಮೆ, ಮುಟ್ಟಿದರೆ ಸಿಡುಕು. ಆಗ ಅದನ್ನು ಅದರ ಪಾಡಿಗೆ ಬಿಡುವುದೇ ಲೇಸು.

ಆರೋಗ್ಯವಂತ ಹಾವು ಮೂತಿಯನ್ನು ಕಲ್ಲಿಗೋ ಕಟ್ಟಿಗೆಗೋ ಉಜ್ಜಿ, ಕಾಲುಚೀಲವನ್ನು ತಿರುವಿ ತೆಗೆದಂತೆ, ಇಡೀ ಪೊರೆಯನ್ನು ಒಂದೇ ತುಂಡಾಗಿ ಬಿಟ್ಟು ಹೊರಬರುತ್ತದೆ. ಇದರ ಪೊರೆಯಾದರೋ ಚಿಂದಿಚಿಂದಿಯಾಗಿ ಬಂದಿತು. ಮೊಮ್ಮಗನು ಆ ಚೂರುಗಳನ್ನು ಮೇಜಿನ ಮೇಲೆ ಜೋಡಿಸಿ ಎರಡು ಭಾಗಗಳನ್ನು ಹುಡುಕಿದ: ಬಾಲದ ತುದಿ ಮತ್ತು ಕಣ್ಣುಗಳು. ಹಾವಿಗೆ ರೆಪ್ಪೆಯಿಲ್ಲ; ಕಣ್ಣನ್ನು ಪಾರದರ್ಶಕವಾದ ಒಂದು ಹುರುಪೆ ಮುಚ್ಚಿರುತ್ತದೆ, ಪೊರೆಯೊಡನೆ ಅದೂ ಕಳಚಬೇಕು. ಚೂರುಗಳಲ್ಲಿ ಒಂದೇ ಕಣ್ಣು ಸಿಕ್ಕಿತು. ಬಾಲದ ತುದಿಯಲ್ಲಿ ಮೂರು ಉಂಗುರಗಳಷ್ಟು ಒಣಚರ್ಮ ಬಿಗಿದುಕೊಂಡಿತ್ತು. ಹಾಗೆಯೇ ಬಿಟ್ಟರೆ ಅದು ದಾರ ಸುತ್ತಿದಂತೆ ರಕ್ತಸಂಚಾರವನ್ನು ತಡೆದು, ಬಾಲದ ತುದಿ ಸತ್ತು ಉದುರಬಹುದು.

ಮಗಳು ಚಿಮಟ ತಂದಳು. ಹುಡುಗ ಅಡ್ಡ ಬಂದ. "ಎಳೀಬ್ಯಾಡ ಅವ್ವಾ, ಕೆಳಗಿನ ಹೊಸಾ ಚರ್ಮಾನೂ ಕಿತ್ತು ಬರ್ತದ" ಎಂದ. ನನ್ನ ಕಡೆ ತಿರುಗಿ, "ಅಜ್ಜಾ, ನೀವು ಸ್ವಲ್ಪ ಟವೆಲ್ ಹಿಡೀರಿ" ಎಂದು ನನ್ನನ್ನೂ ಕೆಲಸಕ್ಕೆ ಹಚ್ಚಿದ. ಅಗಲವಾದ ಡಬ್ಬಿಯಲ್ಲಿ ಕೈಗೆ ಬೆಚ್ಚಗೆನಿಸದಷ್ಟು ಉಗುರುಬೆಚ್ಚಗಿನ ನೀರು, ಆಳ ಹಾವಿನ ಮೈದಪ್ಪಕ್ಕಿಂತ ಕಡಿಮೆ. ಅದರಲ್ಲಿ ಸುಮಾರು ಇಪ್ಪತ್ತು ನಿಮಿಷ, ಪಕ್ಕದಲ್ಲಿಯೇ ಕಾವಲು. ಬಳಿಕ ಒದ್ದೆ ಟವೆಲಿನ ಮಡಿಕೆಗಳೊಳಗಿಂದ ಅದು ತಾನಾಗಿ ಹರಿದುಹೋಗುವಂತೆ ಬಿಟ್ಟೆವು. ನನ್ನ ಅಂಗೈಯೊಳಗೆ ಬಟ್ಟೆಯ ಸಂದಿನಲ್ಲಿ ಆ ಮೈ ಸರಿಯುವುದನ್ನು ನಾನು ಅನುಭವಿಸಿದೆ. ಬಿಗಿಯಾಗಿ ಹಿಡಿಯುವಂತಿಲ್ಲ, ಪೂರಾ ಬಿಡುವಂತೆಯೂ ಇಲ್ಲ. ಮರುದಿನ ಎರಡನೆಯ ಸಲ ನೆನೆಸಿದಾಗ ಉಂಗುರಗಳು ಕಳಚಿದವು. ಕಣ್ಣಿನ ಹುರುಪೆಯನ್ನು ಮಾತ್ರ ಮನೆಯಲ್ಲಿ ಯಾರೂ ಮುಟ್ಟಕೂಡದು; ಕಿತ್ತರೆ ಕಣ್ಣೇ ಹೋದೀತು. ಸರೀಸೃಪಗಳನ್ನು ಬಲ್ಲ ಪಶುವೈದ್ಯರು ನೋಡಿ, ತೇವ ಹೆಚ್ಚಿಸಿ ಕಾಯಿರಿ ಎಂದರು. ಒದ್ದೆ ಪಾಚಿಯನ್ನು ತುಂಬಿದ ಒಂದು ಡಬ್ಬಿಗೆ ತೂತು ಕೊರೆದು ಪೆಟ್ಟಿಗೆಯೊಳಗೆ ಇಟ್ಟೆವು. ಮುಂದಿನ ಪೊರೆ ಇಡಿಯಾಗಿ ಬಿದ್ದಿತು; ಉಳಿದಿದ್ದ ಹುರುಪೆಯೂ ಅದರೊಡನೆ ಬಂದಿತ್ತು.

ತೇವ ಬೇಕೆಂದು ಹಾಸನ್ನೇ ಸದಾ ಒದ್ದೆಯಾಗಿ ಇಡುವುದು ಇನ್ನೊಂದು ವಿಪರೀತ. ಹೊಲಸು ತೇವದ ಮೇಲೆ ಮಲಗುವ ಹಾವಿನ ಹೊಟ್ಟೆಯ ಹುರುಪೆಗಳು ಕೆಂಪಾಗಿ, ಕಂದಾಗಿ, ಗುಳ್ಳೆಯೆದ್ದು ಕೊಳೆಯತೊಡಗುತ್ತವೆ. ಮೊದಲ ಹಂತದಲ್ಲಿ ಒಣಗಿದ ಶುಭ್ರವಾದ ಕಾಗದದ ಹಾಸು, ತಿಳಿ ಚಹದ ಬಣ್ಣ ಬರುವಷ್ಟು ನೀರು ಬೆರೆಸಿದ ಪೊವಿಡೋನ್ ಅಯೋಡಿನ್ ದ್ರಾವಣದಿಂದ ತೊಳೆಯುವುದು ಸಾಕಾಗಬಹುದು. ಹುಣ್ಣು ಬಾಯಿಬಿಟ್ಟರೆ, ಮುಖ ಊದಿಕೊಂಡರೆ ಅಥವಾ ಹಕ್ಕಳೆಗಟ್ಟಿದರೆ ತಡಮಾಡದೆ ವೈದ್ಯರಲ್ಲಿಗೆ ಒಯ್ಯಬೇಕು. ಬಿಸಿ ಕೊಡುವ ಸಾಧನಕ್ಕೆ ಉಷ್ಣನಿಯಂತ್ರಕವಿಲ್ಲದಿದ್ದರೆ ಹೊಟ್ಟೆ ಸುಡುತ್ತದೆ. ಕೆಳಗೆ ಸುಡುತ್ತಿದ್ದರೂ ಹಾವು ಎಷ್ಟೋ ವೇಳೆ ಸರಿದು ಹೋಗುವುದಿಲ್ಲ. ಗಲ್ಲದ ಕೆಳಗೆ, ಕಣ್ಣಿನ ಸುತ್ತ ಮೆಣಸಿನ ಪುಡಿಯಂತೆ ಕಪ್ಪು ಚುಕ್ಕೆಗಳು ಹರಿದಾಡಿದರೆ ಅವು ರಕ್ತ ಹೀರುವ ನುಸಿಗಳು. ನೀರಿನ ಬಟ್ಟಲಲ್ಲಿಯೇ ಹಾವು ಗಂಟೆಗಟ್ಟಲೆ ಮುಳುಗಿ ಕುಳಿತರೆ ಬಟ್ಟಲಿನ ತಳವನ್ನು ನೋಡಬೇಕು. ಸತ್ತ ನುಸಿಗಳು ಅಲ್ಲಿ ಕಾಣುತ್ತವೆ. ಹಾಸನ್ನೆಲ್ಲ ಎಸೆದು ಪೆಟ್ಟಿಗೆ ತೊಳೆದು, ಔಷಧವನ್ನು ವೈದ್ಯರಿಂದಲೇ ಪಡೆಯಬೇಕು. ಹಾವನ್ನು ಮುಟ್ಟಿದ ಮೇಲೆ ಸಾಬೂನಿನಿಂದ ಕೈ ತೊಳೆಯುವುದು ಆ ಮನೆಯ ಕಟ್ಟಳೆ. ಸಾಲ್ಮೊನೆಲ್ಲಾ ಎಂಬ ರೋಗಾಣು ಅದರ ಮೈಯಿಂದ ನಮಗೆ ಅಂಟಬಲ್ಲುದು.

ಈ ಮಾತುಗಳನ್ನು ನಮ್ಮೂರಿನಲ್ಲಿ ಯಾರೂ ಹಾವು ಸಾಕಲೆಂದು ಬರೆಯುತ್ತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ನಾಗರ, ಕೇರೆ, ಹೆಬ್ಬಾವುಗಳನ್ನು ಹಿಡಿಯುವುದೂ ಇಟ್ಟುಕೊಳ್ಳುವುದೂ ಅಪರಾಧ. ಆದರೂ ಪಂಚಮಿಯ ದಿನ ಬುಟ್ಟಿ ಹೊತ್ತವನು ಬಾಗಿಲಿಗೆ ಬಂದರೆ ನಾವು ಹೆಡೆಗೆ ಅರಿಸಿನ ಕುಂಕುಮ ಬಳಿದು, ಮೈಮೇಲೆ ಹಾಲು ಸುರಿಯುತ್ತೇವೆ. ರೆಪ್ಪೆಯಿಲ್ಲದ ಕಣ್ಣಿನ ಮೇಲೆ ಆ ಪುಡಿ ಕೂರುತ್ತದೆ. ಬುಟ್ಟಿಯ ತಳದ ಹಾಲು ಹುಳಿತು ಹೊಟ್ಟೆಗೆ ಅಂಟುತ್ತದೆ. ಕಲ್ಲಿನ ನಾಗನಿಗೂ ಜೀವಂತ ನಾಗನಿಗೂ ಜನ ತೋರುವ ಭೇದವನ್ನು ಬಸವಣ್ಣನವರು ಎತ್ತಿ ಆಡಿದ ವಚನ ಓದುಗರೆಲ್ಲರಿಗೂ ಗೊತ್ತಿದೆ. ಈ ಬುಟ್ಟಿಯಲ್ಲಿ ಜೀವಂತ ನಾಗನೇ ಇದ್ದು ಪೂಜೆಯೇ ನಡೆಯುತ್ತಿದೆ, ಆದರೂ ಅದರ ಮೈಗೆ ಹಿಂಸೆ ತಪ್ಪಿಲ್ಲ.

ಹಿತ್ತಲಿನಲ್ಲಿ ಬಣ್ಣಗೆಟ್ಟು, ಕಣ್ಣು ಬೆಳ್ಳಗಾದ ಹಾವು ಕಂಡರೆ ಅದು ಪೊರೆ ಬಿಡುವ ಹೊತ್ತೆಂದು ತಿಳಿಯಿರಿ. ಅದಕ್ಕೆ ಆಗ ಸರಿಯಾಗಿ ಕಾಣಿಸದು, ಬೆದರಿ ಕಚ್ಚೀತು. ಮಕ್ಕಳನ್ನೂ ನಾಯಿಯನ್ನೂ ಒಳಗೆ ಕರೆದುಕೊಂಡು, ಕೋಲು ಎತ್ತದೆ ದೂರ ನಿಲ್ಲಿರಿ. ಗಾಯಗೊಂಡಿದ್ದರೆ ಅರಣ್ಯ ಇಲಾಖೆಯವರಿಗೆ ಹೇಳಿಕಳುಹಿಸಿ.