ಪದವಿನ ಮೇಲೆ ಗಾಲ್ಫು, ಪಡುವಣದಲ್ಲಿ ಕಡಲು

ಕಡಲೂರಿಗೆ ಗಾಲ್ಫ್ ಆಡಲು ಹೊರಟವನ ಕಣ್ಣ ಮುಂದೆ ಒಂದು ಚಿತ್ರ ಮೊದಲೇ ಸಿದ್ಧವಾಗಿರುತ್ತದೆ. ಒಂದು ಮಗ್ಗುಲಲ್ಲಿ ನೊರೆಗರೆಯುವ ಅಲೆ, ಇನ್ನೊಂದು ಮಗ್ಗುಲಲ್ಲಿ ಹಸಿರುಹಾಸು, ನಡುವೆ ಗಾಳಿಗೆ ತೇಲುವ ಬಿಳಿಯ ಚೆಂಡು! ಮಂಗಳೂರು ಈ ಚಿತ್ರವನ್ನು ನಯವಾಗಿ ತಿದ್ದಿಬಿಡುತ್ತದೆ. ಇಲ್ಲಿ ಕಡಲೂ ಇದೆ, ಗಾಲ್ಫ್ ಬಯಲೂ ಇದೆ. ಆದರೆ ಅವು ಒಂದರ ಮುಖವನ್ನೊಂದು ನೋಡುವುದಿಲ್ಲ. ಕಡಲು ಪಡುವಣದಲ್ಲಿ, ಬಯಲು ಮೂಡಣದಲ್ಲಿ, ವಾಮಂಜೂರಿನ ಆಚೆಯ ಪಿಲಿಕುಳದಲ್ಲಿ. ಇವೆರಡರ ನಡುವೆ ಇಡೀ ನಗರವೇ ಹಬ್ಬಿದೆ. ಈ ಅಂತರವನ್ನು ಕೊರತೆಯೆಂದು ಬಗೆಯದೆ ಅದಕ್ಕೆ ಹೊಂದುವಂತೆ ದಿನಗಳನ್ನು ಜೋಡಿಸಿಕೊಂಡವನಿಗೆ ಮಂಗಳೂರಿನ ರಜೆ ಸಾರ್ಥಕವಾಗುವುದು.

ಗಾಲ್ಫಿಗೂ ಕಡಲಿಗೂ ಇರುವ ನಂಟು ಹಳೆಯದು. ಸ್ಕಾಟ್ಲೆಂಡಿನಲ್ಲಿ ಸಮುದ್ರಕ್ಕೂ ಹೊಲಗಳಿಗೂ ನಡುವೆ ಇದ್ದ ಮರಳುದಿನ್ನೆಗಳು ಉಳುಮೆಗೆ ಒದಗದ ನೆಲ. ಕುರಿಗಳು ಮೇಯ್ದು ಹುಲ್ಲು ಗಿಡ್ಡವಾಗಿದ್ದ ಆ ನೆಲವೇ ಈ ಆಟದ ತೊಟ್ಟಿಲಾಯಿತು. ಪ್ರಜೆಗಳು ಬಿಲ್ವಿದ್ಯೆಯನ್ನು ಮರೆತು ಚೆಂಡಿನ ಹಿಂದೆ ಬಿದ್ದರೆಂದು 1457ರಲ್ಲಿ ಅಲ್ಲಿಯ ಸಂಸತ್ತು ಅದನ್ನು ನಿಷೇಧಿಸಿತು. ಆದರೂ ಆಟ ಅಳಿಯಲಿಲ್ಲ. ಮುಂದೆ ಬ್ರಿಟಿಷರೊಡನೆ ಭಾರತಕ್ಕೂ ಬಂದು, 1829ರಲ್ಲಿ ಕಲ್ಕತ್ತೆಯಲ್ಲಿಯೂ 1876ರಲ್ಲಿ ಬೆಂಗಳೂರಿನಲ್ಲಿಯೂ ಕ್ಲಬ್ಬುಗಳಾಗಿ ನೆಲೆಯೂರಿತು.

ಹಾಗಾದರೆ ಮಂಗಳೂರಿನ ಮರಳದಂಡೆಯಲ್ಲಿ ಅದಕ್ಕೆ ಎಡೆಯಿಲ್ಲವೇಕೆ? ಬೆಂಗರೆಯನ್ನೋ ಉಳ್ಳಾಲವನ್ನೋ ಒಮ್ಮೆ ಕಂಡರೆ ಉತ್ತರ ತಾನಾಗಿ ಹೊಳೆಯುತ್ತದೆ. ಇಲ್ಲಿಯ ಮರಳು ಬರಿದಾಗಿ ಬಿದ್ದ ನೆಲವಲ್ಲ. ತೆಂಗಿನ ಸಾಲು, ಒತ್ತೊತ್ತಾಗಿ ನಿಂತ ಮನೆಗಳು, ಭಜನಾಮಂದಿರ, ಮಸೀದಿ, ಬಿಸಿಲಿಗೆ ಹರಡಿದ ಮೀನು, ದಂಡೆಗೆಳೆದ ದೋಣಿ, ಹೆಣೆಯುತ್ತಿರುವ ಬಲೆ—ಇವೆಲ್ಲ ಆ ಕಿರಿದಾದ ಪಟ್ಟಿಯಲ್ಲಿಯೇ ಬಾಳಬೇಕು. ಅದರ ಮೇಲೆ ಮಳೆಗಾಲದಲ್ಲಿ ಕಡಲ್ಕೊರೆತದ ಕಾಟ. ಉಳ್ಳಾಲ, ಸೋಮೇಶ್ವರಗಳ ಕಡೆ ಮನೆ, ತೆಂಗು, ರಸ್ತೆಗಳು ಅಲೆಗೆ ಆಹುತಿಯಾದುದುಂಟು. ಅಂಗಳವನ್ನೇ ಉಳಿಸಿಕೊಳ್ಳಲು ಹೆಣಗುವವರ ನಡುವೆ ಆಟದ ಬಯಲನ್ನು ಹಾಸುವುದು ನ್ಯಾಯವೂ ಅಲ್ಲ, ವಿವೇಕವೂ ಅಲ್ಲ.

ಆದುದರಿಂದ ಚೆಂಡು ಗುಡ್ಡವನ್ನೇರಿತು. ಮಂಗಳೂರಿನ ಬೆನ್ನಿಗೆ ಮುರಕಲ್ಲಿನ ಹಾಸುಗುಡ್ಡಗಳಿವೆ. ತುಳುವರು ಅವನ್ನು ಪದವು ಎನ್ನುತ್ತಾರೆ. ಕಡಿಯುವಾಗ ಮೆತ್ತಗಿದ್ದು ಗಾಳಿಗೆ ಒಡ್ಡಿದಂತೆ ಗಟ್ಟಿಯಾಗುವ ಈ ಕೆಂಪು ಕಲ್ಲೇ ಊರಿನ ಹಳೆಯ ಗೋಡೆಗಳನ್ನು ಎಬ್ಬಿಸಿದೆ. ಇಂಥ ನೆಲದಲ್ಲಿಯೇ ಡಾ. ಶಿವರಾಮ ಕಾರಂತರ ಹೆಸರನ್ನು ಹೊತ್ತ ಪಿಲಿಕುಳ ನಿಸರ್ಗಧಾಮ 300 ಎಕರೆಗೂ ಮಿಕ್ಕು ಹಬ್ಬಿದೆ. ತುಳುವಿನಲ್ಲಿ ಪಿಲಿ ಎಂದರೆ ಹುಲಿ, ಕುಳ ಎಂದರೆ ಕೊಳ. ಹಿಂದೆ ಹುಲಿಗಳು ನೀರಿಗೆ ಬರುತ್ತಿದ್ದವೆಂದು ಹೇಳುವ ಎಡೆಯಲ್ಲಿ ಇಂದು ಆಟಗಾರ ಕುಳಿಯನ್ನು ಗುರಿಯಿಟ್ಟು ನಿಲ್ಲುತ್ತಾನೆ!

ಈ ಬಯಲಿಗೆ ಹೋಗುವವನು ಮೊದಲು ಪಂಚಾಂಗವನ್ನು ನೋಡಬೇಕು. ಜೂನಿನಿಂದ ಸೆಪ್ಟೆಂಬರಿನವರೆಗೆ ಮಂಗಳೂರು ಮಳೆಯ ರಾಜ್ಯ. ವರ್ಷಕ್ಕೆ 3500 ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಮಳೆಯ ಬಹುಪಾಲು ಈ ನಾಲ್ಕು ತಿಂಗಳಲ್ಲಿಯೇ ಬೀಳುತ್ತದೆ. ಮಾರ್ಚಿಯಿಂದ ಮೇವರೆಗೆ ಸೆಕೆ ಬೆವರಿಳಿಸುತ್ತದೆ. ನವೆಂಬರಿನಿಂದ ಫೆಬ್ರವರಿಯವರೆಗಿನ ಕಾಲವೇ ಹಿತ. ಆಗಲೂ ಸೂರ್ಯ ನೆತ್ತಿಗೇರುವ ಮುನ್ನವೇ ಆಟ ಮುಗಿಸುವುದು ಜಾಣತನ. ಹೊರಗಿನವರಿಗೆ ಆಡಲು ಅವಕಾಶ, ಶುಲ್ಕ, ರಜೆಯ ದಿನಗಳನ್ನು ಊರು ಬಿಡುವ ಮೊದಲೇ ವಿಚಾರಿಸಿಕೊಳ್ಳಬೇಕು.

ಇನ್ನೊಂದು ಮಾತು. ಇಷ್ಟು ಮಳೆ ಬೀಳುವ ಊರಿಗೂ ಬೇಸಿಗೆಯಲ್ಲಿ ನೀರಿನ ಚಿಂತೆ ತಪ್ಪಿದ್ದಲ್ಲ. ನಗರದ ಕುಡಿಯುವ ನೀರು ನೇತ್ರಾವತಿಯ ತುಂಬೆ ಅಣೆಕಟ್ಟಿನಿಂದ ಬರಬೇಕು. 2019ರ ಬೇಸಿಗೆಯಲ್ಲಿ ನದಿ ಸೊರಗಿ ಮನೆಗಳಿಗೆ ಸರದಿಯ ಮೇಲೆ ನೀರು ಬಿಡಬೇಕಾಯಿತು. ಗುಡ್ಡದ ಮೇಲೆ ಬಿದ್ದ ಮಳೆ ಇಳಿಜಾರಿನಲ್ಲಿ ಹರಿದು ಬೇಗನೆ ಕಡಲನ್ನು ಸೇರುತ್ತದೆ. ಇಂಗಿದಷ್ಟೇ ಬಾವಿಗಳ ಪಾಲು. ಏಪ್ರಿಲಿನಲ್ಲಿ ಹುಲ್ಲು ಕಂದಿತೆಂದು ಮುಖ ಗಂಟಿಕ್ಕುವ ಆಟಗಾರನು ಕೆಳಗಿನ ಮನೆಗಳ ಕೊಡಗಳನ್ನು ನೆನೆಯುವುದೊಳ್ಳೆಯದು. ಕಂದುಹುಲ್ಲಿನಲ್ಲಿಯೂ ಚೆಂಡು ಉರುಳುತ್ತದೆ!

ಜೊತೆಗೆ ಬಂದ ಹೆಂಡತಿ ಮಕ್ಕಳು ಆಟ ಮುಗಿಯುವವರೆಗೆ ಮರದ ನೆರಳಿನಲ್ಲಿ ಬೇಸತ್ತು ಕೂರಬೇಕಾಗಿಲ್ಲ. ಪಿಲಿಕುಳದಲ್ಲಿಯೇ ಮೃಗಾಲಯವಿದೆ, ಕೆರೆಯಿದೆ, ಕುಂಬಾರ ಕಮ್ಮಾರರ ಕೈಚಳಕವನ್ನು ತೋರುವ ಕುಶಲಕರ್ಮಿಗಳ ಗ್ರಾಮವಿದೆ. ತುಳುನಾಡಿನ ಸಿರಿವಂತ ಮನೆತನಗಳ ಬದುಕು ಹೇಗಿತ್ತೆಂದು ತಿಳಿಸಲು ಕಂಬ, ಚಾವಡಿಗಳ ಗುತ್ತಿನ ಮನೆಯೊಂದನ್ನು ಕಟ್ಟಿ ನಿಲ್ಲಿಸಿದ್ದಾರೆ. 2018ರಲ್ಲಿ ತೆರೆದ ಸ್ವಾಮಿ ವಿವೇಕಾನಂದ ತಾರಾಲಯ ಮಕ್ಕಳನ್ನು ಹಾಡುಹಗಲಲ್ಲೇ ನಕ್ಷತ್ರಗಳ ನಡುವೆ ಕೂರಿಸುತ್ತದೆ. ಸಮಯ ಮಿಕ್ಕರೆ ಅದೇ ಹೆದ್ದಾರಿಯಲ್ಲಿ ಮುಂದುವರಿದು ಮೂಡುಬಿದಿರೆಯ ಸಾವಿರ ಕಂಬದ ಬಸದಿಯನ್ನೂ ಕಂಡು ಬರಬಹುದು.

ಮರುದಿನ ನಗರಕ್ಕೆ ಮೀಸಲು. ಬೆಳಗಿನ ತಂಪಿನಲ್ಲಿ ಕದ್ರಿಯ ಮಂಜುನಾಥ ದೇವಾಲಯ. ಅಲ್ಲಿಯ ಕಂಚಿನ ಲೋಕೇಶ್ವರ ವಿಗ್ರಹವನ್ನು ಆಳುಪ ದೊರೆ ಕುಂದವರ್ಮನು ಕ್ರಿ.ಶ. 968ರಲ್ಲಿ ಪ್ರತಿಷ್ಠಿಸಿದನೆಂದು ಪೀಠದ ಶಾಸನ ಹೇಳುತ್ತದೆ. ಬುದ್ಧನ ಕರುಣೆಯೂ ಶಿವನ ಸಾನ್ನಿಧ್ಯವೂ ಒಂದೇ ಗುಡಿಯಲ್ಲಿ ನೆರೆಹೊರೆಯಾಗಿರುವ ಇಂಥ ತಾಣಗಳು ನಾಡಿನಲ್ಲಿ ಎಷ್ಟಿವೆ? ಬಿಸಿಲೇರುತ್ತಲೇ ಬಾವುಟಗುಡ್ಡೆಯ ಸಂತ ಅಲೋಶಿಯಸ್ ಚಾಪೆಲಿನ ನೆರಳನ್ನು ಸೇರಬೇಕು. ಇಟಲಿಯಿಂದ ಬಂದ ಆಂಟೋನಿಯೊ ಮೊಸ್ಕೇನಿ ಎಂಬ ಕಲಾವಿದರು 1899ರಲ್ಲಿ ಕುಂಚವನ್ನು ಹಿಡಿದು ಕೆಲವೇ ವರ್ಷಗಳಲ್ಲಿ ಅದರ ಗೋಡೆ, ಮಾಡುಗಳನ್ನು ಚಿತ್ರಗಳಿಂದ ತುಂಬಿಸಿದರು. ಕತ್ತೆತ್ತಿ ನೋಡಿ ಕುತ್ತಿಗೆ ನೊಂದೀತೇ ಹೊರತು ಕಣ್ಣು ದಣಿಯದು.

ಕನ್ನಡದ ಅಭಿಮಾನಿಗೆ ಬಲ್ಮಠದ ಗುಡ್ಡವೂ ಒಂದು ಯಾತ್ರಾಸ್ಥಳವೇ ಸರಿ. ಬಾಸೆಲ್ ಮಿಶನ್ನು 1834ರಲ್ಲಿ ಇಲ್ಲಿಗೆ ಬಂದಿಳಿಯಿತು. ಮುಂದೆ ಅದನ್ನು ಸೇರಿ ಬಂದ ಮೋಗ್ಲಿಂಗ್, ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು 1843ರಲ್ಲಿ ಹೊರಡಿಸಿದುದು ಈ ಊರಿನಿಂದಲೇ. ಕಿಟ್ಟೆಲರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಅಚ್ಚಾದುದೂ ಇಲ್ಲಿಯೇ. ಅದೇ ಮಿಶನ್ನು 1865ರಲ್ಲಿ ಜೆಪ್ಪುವಿನಲ್ಲಿ ಆರಂಭಿಸಿದ ಹೆಂಚಿನ ಕಾರ್ಖಾನೆ ಮಂಗಳೂರಿನ ಹೆಸರನ್ನು ದೂರದೂರದ ಮಾಡುಗಳ ಮೇಲೇರಿಸಿತು. ಊಟದ ಹೊತ್ತಿಗೆ ನೀರುದೋಸೆ, ಕೋರಿರೊಟ್ಟಿ, ಹುರಿದ ಕಾಣೆ. ಸಂಜೆಯ ಕಾಫಿಗೆ ಗೋಳಿಬಜೆ. ಇವುಗಳ ವಿಷಯದಲ್ಲಿ ಉಪದೇಶ ಬೇಕಾಗದು.

ಕಡಲನ್ನು ಸಂಜೆಗೆಂದು ಉಳಿಸಿಕೊಳ್ಳಬೇಕು. ಬೋಳೂರಿನಲ್ಲಿ ಟಿಪ್ಪುವಿನ ಕಾಲದ ಸುಲ್ತಾನ್ ಬತ್ತೇರಿ ಫಲ್ಗುಣಿ ನದಿಯನ್ನು ಇಂದಿಗೂ ಕಾಯುತ್ತಿರುವಂತೆ ನಿಂತಿದೆ. ಅದರ ಇದಿರಿಗೆ, ನದಿಯಾಚೆ ತಣ್ಣೀರುಬಾವಿಯ ಮರಳು. ಅಲ್ಲಿಗೆ ಬರಿಗೈಯಲ್ಲಿ ಹೋಗುವುದು ಚೆನ್ನ. ಬೆಳಗಿನ ಗೆಲುವು ಸೋಲುಗಳ ಲೆಕ್ಕ ಅಲೆಯ ಮುಂದೆ ಬಹಳ ಹೊತ್ತು ನಿಲ್ಲದು. ದಕ್ಕೆಯ ಕಡೆಗೆ ತಿರುಗುವ ದೋಣಿಗಳನ್ನು ನೋಡುತ್ತ ನಿಂತ ಪ್ರವಾಸಿಗೆ, ಇಲ್ಲಿಯ ಬಯಲು ಕಡಲಿನಿಂದ ದೂರ ಏಕೆ ನಿಂತಿತೆಂಬುದು ಯಾರೂ ವಿವರಿಸದೆಯೇ ತಿಳಿಯುತ್ತದೆ. ಆಟಕ್ಕೆ ಗುಡ್ಡವಾದರೂ ಸಾಕು. ದುಡಿಯುವವರಿಗೆ ದಂಡೆಯೇ ಬೇಕು.