ಊಟಿಯಲ್ಲಿದ್ದೂ ಬೇಜಾರೇ?

ಮನಸ್ಸು ಮಂಕಾದವರಿಗೆ ಹಿರಿಯರು ಹೇಳುವ ಮೊದಲ ಮದ್ದು ಹವಾ ಬದಲಾವಣೆ. "ಊಟಿಗೆ ಹೋಗಿ ನಾಲ್ಕು ದಿನ ಇದ್ದು ಬಾ" ಎಂದುಬಿಟ್ಟರೆ ವೈದ್ಯ ಮುಗಿಯಿತು. ಊಟಿಯಲ್ಲೇ ಹುಟ್ಟಿ, ಊಟಿಯಲ್ಲೇ ಮದುವೆಯಾಗಿ, ಊಟಿಯಲ್ಲೇ ಮಂಕಾಗಿ ಕೂತ ನನ್ನ ಚಿಕ್ಕಮ್ಮ ಎಲ್ಲಿಗೆ ಹೋಗಬೇಕು? ಮೈಸೂರಿನ ನೆಂಟರಿಗಂತೂ ಅವಳ ಕಾಯಿಲೆ ದೊಡ್ಡ ಅನ್ಯಾಯವಾಗಿ ಕಂಡಿತು. "ನಾವು ದುಡ್ಡು ಕೊಟ್ಟು, ಕಲ್ಹಟ್ಟಿ ಘಾಟಿಯ 36 ತಿರುವಿನಲ್ಲೂ ವಾಂತಿ ಮಾಡ್ಕೊಂಡು ಬರ್ತೀವಿ. ನಿಂಗೆ ಇಲ್ಲೇ ಇದ್ದೂ ಬೇಜಾರಾ?"

ಕಾಲು ಮುರಿದರೆ ಕಟ್ಟು ಕಾಣುತ್ತದೆ. ಜ್ವರಕ್ಕೆ ಥರ್ಮಾಮೀಟರ್ ಸಾಕ್ಷಿ ಹೇಳುತ್ತದೆ. ಖಿನ್ನತೆಗೆ ಸಾಕ್ಷಿ ಯಾರು? ಚಿಕ್ಕಮ್ಮ ಬೆಳಿಗ್ಗೆ ಏಳಲಿಲ್ಲವೆಂದರೆ ಚಳಿ. ಮಾತಾಡಲಿಲ್ಲವೆಂದರೆ ಅದಕ್ಕೂ ಚಳಿ. ಈ ಊರಿನಲ್ಲಿ ಏನನ್ನು ಬೇಕಾದರೂ ಒಂದು ಸ್ವೆಟರಿನೊಳಗೆ ಮುಚ್ಚಿಡಬಹುದು.

ಹವಾ ಬದಲಾವಣೆಯನ್ನು ಸೋಲಿಸಿದ ಇನ್ನೊಬ್ಬ ರೋಗಿ ಹಿಂದೆಯೇ ಇಲ್ಲಿಗೆ ಬಂದುಹೋಗಿದ್ದ: ಎಡ್ವರ್ಡ್ ಲಿಯರ್. 1846ರಲ್ಲಿ ತಲೆಬುಡವಿಲ್ಲದ ಪದ್ಯಗಳ ಪುಸ್ತಕ ತಂದು ಇಂಗ್ಲೆಂಡನ್ನು ನಗಿಸಿದವನು. ಅದೇ ವರ್ಷ ವಿಕ್ಟೋರಿಯಾ ರಾಣಿಗೆ ಚಿತ್ರ ಬಿಡಿಸುವುದನ್ನು ಕಲಿಸಿದವನು. ವೈಸರಾಯ್ ನಾರ್ತ್‌ಬ್ರೂಕ್ ಕರೆದನೆಂದು ಭಾರತಕ್ಕೆ ಬಂದು, 1874ರಲ್ಲಿ, 62ರ ವಯಸ್ಸಿನಲ್ಲಿ ನೀಲಗಿರಿ ಹತ್ತಿದ. ಕೂನೂರಿಗೆ ರೈಲು ಬರಲು ಇನ್ನೂ 25 ವರ್ಷ ಬಾಕಿಯಿತ್ತು.

ಅವನಿಗೆ ಚಿಕ್ಕಂದಿನಿಂದಲೇ ಮೂರ್ಛೆರೋಗ, ಜೊತೆಗೆ ಖಿನ್ನತೆ. ಮೂರ್ಛೆ ಮಿದುಳಿನ ನರಗಳ ಕಾಯಿಲೆ, ಮನೋರೋಗವಲ್ಲ. ಆದರೆ ಆ ಕಾಲದ ಜನಕ್ಕೆ ಎರಡೂ ಒಂದೇ ನಾಚಿಕೆ. ಮೂರ್ಛೆಯನ್ನು ಗುಟ್ಟಾಗಿಟ್ಟು, ಬಂದ ದಿನ ದಿನಚರಿಯಲ್ಲಿ ಬರೀ ಒಂದು ಗುಣಿಸುವ ಗುರುತು ಹಾಕುತ್ತಿದ್ದ. ಖಿನ್ನತೆಗೆ 'ಮಾರ್ಬಿಡ್ಸ್' ಎಂದು ಹೆಸರಿಟ್ಟಿದ್ದ, ಹೇಳದೆ ಕೇಳದೆ ಬಂದು ಹಾಸಿಗೆ ಬಿಚ್ಚುವ ನೆಂಟರನ್ನು ಕರೆದಂತೆ. ಅವನ ಪದ್ಯಗಳ ತುಂಬ ಉದ್ದ ಮೂಗಿನ, ವಿಚಿತ್ರ ಗಡ್ಡದ ಮುದುಕರು. ಅವರನ್ನು ಗದರುವ, ಒಮ್ಮೊಮ್ಮೆ ಚಚ್ಚಿಯೂ ಬಿಡುವ ಊರ ಜನ. ಆ ಜನ ಮೈಸೂರಿನಿಂದ ಬಂದವರಿರಬೇಕೆಂದು ನನ್ನ ಗುಮಾನಿ. ತನ್ನನ್ನೂ ಬಿಡದೆ ಗುಂಡು ಹೊಟ್ಟೆ, ಕಡ್ಡಿ ಕಾಲು ಬರೆದುಕೊಂಡ. ಬಾಯಲ್ಲಿ ಹೇಳಲಾಗದ್ದು ಕಾಗದದ ಮೇಲೆ ನಿಂತು ಹಲ್ಲು ಕಿರಿಯಿತು.

ಚಿಕ್ಕಮ್ಮ ಲಿಯರ್‌ನನ್ನು ಓದಿದವಳಲ್ಲ. ಡಾಕ್ಟರು ಮಾತ್ರೆ ಕೊಟ್ಟು, ಹೇಗನ್ನಿಸುತ್ತದೋ ಬರೆದುಕೊಂಡು ಬನ್ನಿ ಅಂದಿದ್ದರು. ಅಕ್ಷರ ಮೂಡಲಿಲ್ಲ. ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಚಿತ್ರ ಬಿಡಿಸಿದಳು: ಅಡಿಗೆಮನೆಯ ಕುರ್ಚಿ, ಕುರ್ಚಿಯಲ್ಲಿ ಅವಳು, ಅವಳ ತೊಡೆಯ ಮೇಲೆ ಇಡೀ ದೊಡ್ಡಬೆಟ್ಟ. ತುದಿಯ ದೂರದರ್ಶಕ, ಜೋಳ ಸುಡುವವನು, ಫೋಟೋ ತೆಗೆಸಿಕೊಳ್ಳುವ ಪ್ರವಾಸಿಗರು ಸಮೇತ. ಚಿಕ್ಕಪ್ಪ ಬಹಳ ಹೊತ್ತು ನೋಡಿದರು. ಆಮೇಲೆ ಕೇಳಿದರು: "ಇಷ್ಟು ಭಾರ ಇಟ್ಕೊಂಡು ದೋಸೆ ಹೇಗೆ ಹುಯ್ತಿದ್ದೆಯೇ?"

ಚಿತ್ರದಿಂದ ಬೆಟ್ಟವೇನೂ ಕರಗಲಿಲ್ಲ. ಲಿಯರ್‌ನ ಮಾರ್ಬಿಡ್ಸ್ ಕೂಡ ಅವನನ್ನು ಬಿಟ್ಟುಹೋಗಲಿಲ್ಲ. ಮಾತ್ರೆ ನಡೆದೇ ಇದೆ. ಬದಲಾದದ್ದು ಚಿಕ್ಕಪ್ಪನ ಪ್ರಶ್ನೆ. "ಯಾಕೆ ಬೇಜಾರು?" ಅನ್ನುತ್ತಿದ್ದವರು ಈಗ ಬೆಳಿಗ್ಗೆ ಕಾಫಿ ಹಿಡಿದು ಬಂದು, "ಇವತ್ತು ಎಷ್ಟು ಅಡಿ?" ಅನ್ನುತ್ತಾರೆ. ದೊಡ್ಡಬೆಟ್ಟದ ಎತ್ತರ 2,637 ಮೀಟರ್, ಅಂದರೆ ಸುಮಾರು 8,650 ಅಡಿ. ಚಿಕ್ಕಮ್ಮ "ಐನೂರು" ಅಂದರೆ ತಾನೇ ಒಲೆ ಹಚ್ಚುತ್ತಾಳೆ. "ಪೂರ್ತಿ" ಅಂದ ದಿನ ಅಡಿಗೆ ಚಿಕ್ಕಪ್ಪನದು. ಅವರ ಸಾರಿನ ಸಂಕಟವನ್ನು ಬಿಡಿಸಿ ತೋರಿಸುವ ಕಲಾವಿದ ಮಾತ್ರ ಈ ಬೆಟ್ಟಕ್ಕೆ ಇನ್ನೂ ಬಂದಿಲ್ಲ.